ಕುಸ್ತಿಯಲ್ಲಿ ಜಗ್ಗುವ ಕಸುವು

ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡವೆಂಬ ಐದು ತಾಲೂಕುಗಳು ಒಂದಕ್ಕೊಂದು ಹೊಂದಿಕೊಂಡಿರುವವು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬೆಳೆದ ಸೀಮೆಯಿದು. ನಿಪ್ಪಾಣಿಯ ಹೊಗೆಸೊಪ್ಪು, ಅಥಣಿಯ ಚರ್ಮದ ಚಪ್ಪಲಿ, ಹೊಳೆಯ ದಂಡೆಯ ಕಬ್ಬು ಇವುಗಳ ಹೆಸರನ್ನು ದೂರದ ಊರಿನವರೂ ಬಲ್ಲರು. ಆದರೆ ಇಲ್ಲಿಯ ಕಟ್ಟೆಗಳ ಮೇಲೂ ಪಡಸಾಲೆಗಳಲ್ಲಿಯೂ ಕೇಳಬರುವ ಇನ್ನೊಂದು ಮಾತುಂಟು. ಅದು ಕುಸ್ತಿಯ ಮಾತು. ಜಾತ್ರೆಯೆಂದರೆ ತೇರು, ಪಲ್ಲಕ್ಕಿ, ಬೆಂಡು-ಬೆತ್ತಾಸು ಇವುಗಳ ಜೊತೆಗೆ ಕುಸ್ತಿಯೂ ಇರಲೇಬೇಕು. ಹಲಗಿಯ ಸಪ್ಪಳ ಕಿವಿಗೆ ಬಿತ್ತೆಂದರೆ ಮುದುಕರು ಕೋಲೂರಿಕೊಂಡು, ಹುಡುಗರು ತಂದೆಯ ಹೆಗಲೇರಿ ಕಣದ ಕಡೆಗೆ ನಡೆಯುವರು. ಕನ್ನಡ ಮಾತಾಡುವವನೂ ಮರಾಠಿ ಮಾತಾಡುವವನೂ ಒಂದೇ ಮಣ್ಣನ್ನು ಮೈಗೆ ಬಳಿದುಕೊಂಡು ಕೈ ಕೂಡಿಸುವ ಜಾಗ ಅದು.

ಇಂಥ ಸೀಮೆಯ ಮನೆಗಳಲ್ಲಿ ಒಬ್ಬ ಹುಡುಗನನ್ನು ಪೈಲವಾನನನ್ನಾಗಿ ಮಾಡುವುದೆಂದರೆ ಒಬ್ಬನ ಕೆಲಸವಲ್ಲ. ಅದು ಮನೆತನದ ಕೆಲಸ. ಎಮ್ಮೆಯ ಹಾಲು ಅವನಿಗೆ ಮೀಸಲು. ತುಪ್ಪ ಅವನ ಪಾಲು. ತಾಯಿ ರಾತ್ರಿ ಬದಾಮಿ ನೆನೆಯಿಟ್ಟು ಬೆಳಗಿನಲ್ಲಿ ಅರೆಯುವಳು. ತಂಗಿಯ ಬಟ್ಟಲಿಗೆ ಬೀಳಬೇಕಾದ ಕೆನೆಯೂ ಅಣ್ಣನ ಲೋಟಕ್ಕೆ ಬೀಳುವುದುಂಟು. ಇಷ್ಟೊಂದು ತ್ಯಾಗದಿಂದ ಕೂಡಿಸಿದ ಕಸುವು ಕಣದಲ್ಲಿ ಯಾವ ದಾರಿಯಿಂದ ಸೋರಿಹೋಗುವುದೆಂಬುದನ್ನು ಮನೆಯವರೂ ಅರಿತಿರುವುದು ಒಳ್ಳೆಯದಲ್ಲವೇ? ಆ ವಿಚಾರವನ್ನೇ ನಾವು ಈ ತಿಂಗಳು ವಾಚಕರ ಮುಂದೆ ಇಡಬಯಸಿದ್ದೇವೆ.

ಸೋತುಬಂದ ಹುಡುಗ

ನಮ್ಮ ತಂಗಿಯನ್ನು ರಾಯಬಾಗ ತಾಲೂಕಿನಲ್ಲಿ ಹೊಳೆಯ ದಂಡೆಯ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಹಿರಿಯ ಮಗನಿಗೆ ಚಿಕ್ಕಂದಿನಿಂದಲೂ ಕುಸ್ತಿಯ ಹುಚ್ಚು. ಹದಿನೇಳರ ಪ್ರಾಯಕ್ಕೆ ಅವನ ಎದೆ ಹರವಾಗಿ, ತೊಡೆ ಕಂಬದಂತಾಗಿ, ನೋಡಿದವರು ಕಣ್ಣುತಾಕೀತೆಂದು ಅಂಜುವಂತಿದ್ದನು. ದಿನಕ್ಕೆ ಐನೂರು ದಂಡ, ಸಾವಿರ ಬೈಠಕ ಎಂದು ಅವನೇ ಹೆಮ್ಮೆಯಿಂದ ಹೇಳುತ್ತಿದ್ದನು. ನೆರೆಯೂರಿನ ಜಾತ್ರೆಯಲ್ಲಿ ಅವನ ಜೋಡಿ ಗೊತ್ತಾದಾಗ ನಾವೂ ನೋಡಹೋಗಿದ್ದೆವು. ಎದುರಾಳಿ ಮೈಯಲ್ಲಿ ತೆಳ್ಳಗಿನವನು. ಒಬ್ಬ ಒಕ್ಕಲಿಗನ ಮಗ. ಮೊದಲು ನಮ್ಮವನೇ ದೂಡಿ ದೂಡಿ ಅವನನ್ನು ಕಣದ ಅಂಚಿಗೆ ಒಯ್ದನು. ಜನ ಕೇಕೆ ಹಾಕಿತು. ಆಮೇಲೆ ಇಬ್ಬರೂ ಮಣಿಕಟ್ಟು, ಕುತ್ತಿಗೆ ಹಿಡಿದು ನಿಂತರು. ಸ್ವಲ್ಪ ಹೊತ್ತಿನಲ್ಲಿಯೇ ನಮ್ಮವನ ಬೆರಳುಗಳು ಸಡಿಲಾದುವು. ಹಿಡಿದ ಹಿಡಿತವೆಲ್ಲ ಜಾರಿತು. ತೆಳ್ಳಗಿನವನು ಅವನ ತೋಳನ್ನು ಒಮ್ಮೆ ಝಾಡಿಸಿ ಜಗ್ಗಿ, ಮಂಡಿಯೂರಿಸಿ, ಬೆನ್ನ ಹಿಂದೆ ಬಂದು ಕೂತನು. ಮತ್ತೆರಡು ನಿಮಿಷದಲ್ಲಿ ನಮ್ಮ ಹುಡುಗ ಚಿತ್ ಆಗಿ ಆಕಾಶ ನೋಡುತ್ತಿದ್ದನು.

ಮನೆಗೆ ಬಂದಾಗ ತಂಗಿ ಕಣ್ಣು ಒರೆಸಿಕೊಳ್ಳುತ್ತ, "ಅಣ್ಣಾ, ಹಾಲು ಕಡಿಮಿ ಬಿತ್ತೇನು? ಇನ್ನೊಂದು ಎಮ್ಮಿ ಕಟ್ಟೂಣೇನು?" ಎಂದು ಕೇಳಿದಳು. ಪೇಟೆಯ ಅಂಗಡಿಯಲ್ಲಿ ಡಬ್ಬಿಯ ಪುಡಿ ಸಿಗುವುದೆಂದೂ ಅದನ್ನು ತರಿಸಬೇಕೆಂದೂ ಅವಳ ಯಜಮಾನರು ಹೇಳುತ್ತಿದ್ದರು. ನಮಗೆ ಉತ್ತರ ತೋಚಲಿಲ್ಲ. ಮರುದಿನ ಹುಡುಗನನ್ನು ಕರೆದುಕೊಂಡು ಊರ ಗರಡಿಯ ಹಳೆಯ ವಸ್ತಾದರ ಬಳಿಗೆ ಹೋದೆವು. ಅವರು ಅವನ ಎದೆಯನ್ನೂ ನೋಡಲಿಲ್ಲ, ತೊಡೆಯನ್ನೂ ನೋಡಲಿಲ್ಲ.

"ತಮ್ಮಾ, ಅಂಗೈ ತೋರಸು," ಎಂದರು.

ಅಂಗೈ ಮೆತ್ತಗಿತ್ತು.

"ನಿಮ್ಮ ಮನ್ಯಾಗ ಬಾವಿ ನೀರು ಯಾರು ಸೇದತಾರು?"

"ಮೋಟರ ಐತ್ರಿ, ವಸ್ತಾದರ."

"ಗರಡಿ ಮಣ್ಣು ಯಾರು ಕಡೀತಾರು?"

ಹುಡುಗ ತಲೆ ತಗ್ಗಿಸಿದನು. ಅವನು ವ್ಯಾಯಾಮ ಮಾಡುತ್ತಿದ್ದುದು ಮನೆಯ ಮಾಳಿಗೆಯ ಮೇಲೆ. ಗರಡಿಗೆ ಬರುತ್ತಿದ್ದುದು ಲಡತಿನ ಹೊತ್ತಿಗೆ ಮಾತ್ರ.

"ದೂಡೂದು ಕಲ್ತಿ, ಜಗ್ಗೂದು ಕಲೀಲಿಲ್ಲ," ಎಂದು ವಸ್ತಾದರು ನಕ್ಕರು.

ಆ ಒಂದು ಮಾತಿನ ಹಿಂದೆ ಎಷ್ಟು ತಿಳಿವಳಿಕೆ ಅಡಗಿತ್ತೆಂಬುದು ಆಮೇಲೆ ನಾವು ಕೇಳಿ, ಓದಿ, ವಿಚಾರಿಸಿ ನೋಡಿದಾಗ ಗೊತ್ತಾಯಿತು.

ಕುಸ್ತಿಯೆಂದರೆ ಹಿಡಿತ

ಕುಸ್ತಿಯನ್ನು ದೂರದಿಂದ ನೋಡುವವರಿಗೆ ಅದು ದೂಡುವವರ ಆಟದಂತೆ ತೋರುವುದು. ಇಬ್ಬರು ಹಣೆಗೆ ಹಣೆ ಕೊಟ್ಟು ನಿಂತು ಒಬ್ಬರನ್ನೊಬ್ಬರು ನೂಕುತ್ತಿರುವರು. ಆದರೆ ಒಂದೊಂದು ಪಟ್ಟನ್ನೂ ಬಿಡಿಸಿ ನೋಡಿದರೆ ಅದರ ಜೀವಾಳ ಎಳೆತದಲ್ಲಿದೆ. ಪಟ ಹಾಕುವವನು ಎದುರಾಳಿಯ ಕಾಲುಗಳನ್ನು ತಬ್ಬಿ ತನ್ನ ಎದೆಯ ಕಡೆಗೆ ಸೆಳೆದುಕೊಳ್ಳಬೇಕು. ಬರಿದೆ ಭುಜದಿಂದ ದೂಡಿದರೆ ಅವನು ಹಿಂದೆ ಸರಿದು ನಿಲ್ಲುವನು. ಕಲಾಜಂಗದಲ್ಲಿ ಒಂದು ಕೈ ತೋಳನ್ನು ಕೆಳಗೆ ಜಗ್ಗುವುದು, ಇನ್ನೊಂದು ಕೈ ತೊಡೆಗಳ ನಡುವೆ ಹೊಕ್ಕು ಮೇಲೆತ್ತುವುದು. ಢಾಕ ಹೊಡೆಯುವವನು ಎದುರಾಳಿಯ ತೋಳನ್ನು ತನ್ನ ಮೈಗೆ ಬಿಗಿದುಕೊಂಡೇ ತಿರುಗಬೇಕು. ತೋಳು ಒಂದಿಷ್ಟು ಸಡಿಲಾದರೂ ತಿರುಗಿದವನೇ ಬೆನ್ನು ಕೊಟ್ಟಂತಾಗುವುದು. ಕೆಳಗೆ ಬಿದ್ದವನನ್ನು ಘಿಸ್ಸಾ ಹಾಕಿ ಹೊರಳಿಸುವಾಗಲಂತೂ ಎಳೆತವಲ್ಲದೆ ಬೇರೇನೂ ಇಲ್ಲ. ದೂಡುವುದು ಎದುರಾಳಿಯನ್ನು ದೂರ ಮಾಡುತ್ತದೆ. ಗೆಲ್ಲಬೇಕಾದರೆ ಅವನನ್ನು ಹತ್ತಿರ ತರಬೇಕು.

ಹತ್ತಿರ ತರುವ ಈ ಕೆಲಸಕ್ಕೆ ಮೈಯಲ್ಲಿ ಒಂದು ಸರಪಳಿಯುಂಟು. ಬೆರಳುಗಳನ್ನು ಮುಚ್ಚುವ ಸ್ನಾಯುಗಳು ಮುಂಗೈಯಲ್ಲಿರುವವು. ಅಲ್ಲಿಂದ ಮೇಲೆ ತೋಳನ್ನು ಮಡಿಸುವ ಸ್ನಾಯು. ಅದರಾಚೆಗೆ, ಸೊಂಟದಿಂದ ಹೊರಟು ಬೆನ್ನನ್ನೆಲ್ಲ ಆವರಿಸಿ ಕಂಕುಳ ಕೆಳಗೆ ಹಾದು ತೋಳಿನ ಎಲುಬಿಗೆ ಅಂಟಿಕೊಳ್ಳುವ ಬೆನ್ನಿನ ಅಗಲವಾದ ಸ್ನಾಯು. ಹಗ್ಗ ಜಗ್ಗುವಾಗ, ಕೊಡ ಸೇದುವಾಗ, ಎದುರಾಳಿಯನ್ನು ಸೆಳೆಯುವಾಗ ಕೆಲಸ ಮಾಡುವುದು ಈ ಸರಪಳಿಯೇ. ಸರಪಳಿಯ ಕೊನೆಯ ಕೊಂಡಿ ಬೆರಳು. ಬೆನ್ನಿನಲ್ಲಿ ಎಷ್ಟೇ ಬಲವಿರಲಿ, ಬೆರಳು ಬಿಚ್ಚಿತೆಂದರೆ ಆ ಬಲ ಎದುರಾಳಿಯವರೆಗೆ ಮುಟ್ಟುವುದೇ ಇಲ್ಲ.

ಇನ್ನೊಂದು ಸಂಗತಿಯುಂಟು. ಓಡುವಾಗ ಸ್ನಾಯು ಒಮ್ಮೆ ಬಿಗಿದು ಒಮ್ಮೆ ಸಡಿಲಾಗುವುದರಿಂದ ಅದರಲ್ಲಿ ರಕ್ತ ಸಲೀಸಾಗಿ ಹರಿಯುವುದು. ಆದರೆ ಹಿಡಿದುದನ್ನು ಬಿಡದೆ ಬಿಗಿದೇ ಇದ್ದರೆ, ಬಿಗಿದ ಸ್ನಾಯುವೇ ತನ್ನೊಳಗಿನ ರಕ್ತನಾಳಗಳನ್ನು ಅದುಮಿಬಿಡುವುದು. ಆಗ ಮುಂಗೈ ಉರಿದು, ಕಲ್ಲಿನಂತಾಗಿ, ಕಡೆಗೆ ಬೆರಳುಗಳು ತಾವಾಗಿಯೇ ತೆರೆದುಕೊಳ್ಳುವವು. ನಮ್ಮ ಹುಡುಗನಿಗೆ ಆದುದು ಇದೇ. ಇದಕ್ಕೆ ಹಾಲು ಕಾರಣವಲ್ಲ. ಆ ಸ್ನಾಯುಗಳಿಗೆ ಅಂಥ ಹೊತ್ತಿನ ರೂಢಿ ಇಲ್ಲದಿದ್ದುದೇ ಕಾರಣ.

ಹಳೆಯ ಗರಡಿಯ ಗುಟ್ಟು

ಗರಡಿಯೆಂದೊಡನೆ ಎಲ್ಲರಿಗೂ ನೆನಪಾಗುವುವು ದಂಡ ಮತ್ತು ಬೈಠಕ. ಅವು ದೊಡ್ಡ ಸಾಧನೆಗಳೇ. ಆದರೆ ದಂಡ ಹೊಡೆಯುವಾಗ ನಾವು ಕೈಯಿಂದ ನೆಲವನ್ನು ದೂಡುತ್ತೇವೆ. ಬೈಠಕ ತೆಗೆಯುವಾಗ ಕಾಲಿನಿಂದ ನೆಲವನ್ನು ಒತ್ತುತ್ತೇವೆ. ಎರಡೂ ದೂಡುವ ಜಾತಿಯವು. ಹಾಗಾದರೆ ಹಿಂದಿನ ಪೈಲವಾನರಿಗೆ ಜಗ್ಗುವ ಕಸುವು ಎಲ್ಲಿಂದ ಬಂತು? ವ್ಯಾಯಾಮವೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸಗಳಿಂದ ಬಂತು.

ಅವುಗಳಲ್ಲಿ ಮೊದಲನೆಯದು ಮಣ್ಣು ಕಡಿಯುವುದು. ಗರಡಿಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸ ಮುಂತಾದುವನ್ನು ಬೆರೆಸಿ ಹದಮಾಡುವರು. ಮುಂಜಾನೆ ಲಡತು ಆರಂಭಿಸುವ ಮುಂಚೆ ಆ ಮಣ್ಣನ್ನೆಲ್ಲ ಗುದ್ದಲಿಯಿಂದ ಕಡಿದು, ಸಲಿಕೆಯಿಂದ ಎಳೆದು, ಹೊರಳಿಸಿ ಮೆತ್ತಗೆ ಮಾಡಬೇಕು. ಗುದ್ದಲಿ ಮೇಲೇಳುವುದು ಹೆಗಲಿನಿಂದ. ಮಣ್ಣು ಹತ್ತಿರ ಬರುವುದು ಬೆನ್ನಿನಿಂದ, ಮುಂಗೈಯಿಂದ. ಕಡಿದ ಮಣ್ಣನ್ನು ಸಮಮಾಡಲು ಅಗಲವಾದ ಹಲಗೆಗೆ ಹಗ್ಗ ಕಟ್ಟಿ, ಅದರ ಮೇಲೆ ಒಬ್ಬ ಹುಡುಗನನ್ನು ಕೂರಿಸಿ, ಇನ್ನೊಬ್ಬನು ಎತ್ತಿನಂತೆ ಎಳೆಯುವ ವಾಡಿಕೆಯೂ ಇತ್ತು. ನೋಡುವವರಿಗೆ ಅದು ಆಟ. ಎಳೆಯುವವನಿಗೆ ಅದೇ ಪಾಠ.

ಎರಡನೆಯದು ಹಗ್ಗ ಮತ್ತು ಮಲ್ಲಕಂಬ. ಗರಡಿಯ ತೊಲೆಗೋ ಅಂಗಳದ ಮರಕ್ಕೋ ತೂಗಬಿಟ್ಟ ದಪ್ಪ ಹಗ್ಗವನ್ನು ಬರಿ ಕೈಯಿಂದ ಏರಿಳಿಯುವುದು ಕೈ, ಬೆನ್ನು, ಹೊಟ್ಟೆ ಮೂರನ್ನೂ ಒಂದೇ ಕಾಲಕ್ಕೆ ಬಿಗಿಸುವುದು. ಮಲ್ಲಕಂಬವೆಂಬ ಹೆಸರೇ ಹೇಳುವಂತೆ ಅದು ಮೊದಲಿಗೆ ಮಲ್ಲರ ಸಾಧನೆಯ ಕಂಬ. ಇದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದಿಂದ ಈ ನಾಡನ್ನಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (೧೧೨೬–೧೧೩೮) ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂಬ ಭಾಗವೇ ಒಂದಿದೆ. ಮಲ್ಲರು ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ತೋಳುಗಳ ಸಾಧನೆ ಇವುಗಳ ಜೊತೆಗೆ ಕಂಬದ ಮೇಲಿನ ಶ್ರಮವನ್ನೂ ಅಲ್ಲಿ ಹೇಳಿದೆ. ಎಂಟುನೂರೈವತ್ತು ವರ್ಷಗಳಿಗೂ ಹಿಂದೆಯೇ ಮಲ್ಲನ ಸಾಧನೆಗೆ ಒಂದು ಬಗೆ ಸಾಲದೆಂಬುದನ್ನು ನಮ್ಮವರು ಅರಿತಿದ್ದರು.

ಮೂರನೆಯದು ಮನೆಯ ಮತ್ತು ಹೊಲದ ದುಡಿತ. ಬಾವಿಯಿಂದ ನೀರು ಸೇದುವುದು, ಹೋರಿಯ ಮೂಗುದಾರ ಹಿಡಿದು ನಿಲ್ಲಿಸುವುದು, ಮೇವಿನ ಹೊರೆಗೆ ಹಗ್ಗ ಬಿಗಿಯುವುದು, ಕಬ್ಬಿನ ಬುಡ ಕಡಿದು ರವದಿ ಎಳೆಯುವುದು, ಕಳೆ ಕೀಳುವುದು ಇವೆಲ್ಲ ಎಳೆತದ ಕೆಲಸಗಳೇ. ಗರಡಿಗೆ ಬರುವ ಮುನ್ನವೇ ಒಕ್ಕಲಿಗನ ಮಗನ ಅಂಗೈ ಜಡ್ಡುಗಟ್ಟಿರುತ್ತಿತ್ತು. ಗರಡಿಯಲ್ಲಿ ಅವನಿಗೆ ಬೇಕಾಗಿದ್ದುದು ದೂಡುವ ಬಲ. ಅದಕ್ಕೆಂದೇ ದಂಡ-ಬೈಠಕಗಳಿಗೆ ಅಷ್ಟು ಮಹತ್ವ ಬಂತೆಂದು ನಾವು ಊಹಿಸುತ್ತೇವೆ. ಮನೆಯು ಜಗ್ಗುವುದನ್ನು ಕಲಿಸುತ್ತಿತ್ತು, ಗರಡಿಯು ದೂಡುವುದನ್ನು ಕಲಿಸುತ್ತಿತ್ತು. ಈಗ ಮನೆಯು ತನ್ನ ಪಾಠವನ್ನು ನಿಲ್ಲಿಸಿದೆ. ಬಾವಿಗೆ ಮೋಟರು ಬಂತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂತು. ಇದರಿಂದ ನಮ್ಮ ಹೆಣ್ಣುಮಕ್ಕಳ ಸೊಂಟಕ್ಕೂ ಒಕ್ಕಲಿಗನ ಬೆನ್ನಿಗೂ ಸುಖವಾಯಿತು. ಅದನ್ನು ಹಳಿಯುವವರು ನಾವಲ್ಲ. ಆದರೆ ತಾನಾಗಿ ಬರುತ್ತಿದ್ದುದು ಬರದಂತಾದಾಗ, ಅದನ್ನು ಬೇಕೆಂದು ಕೇಳಿ ತಂದುಕೊಳ್ಳಬೇಕಾಗುವುದು.

ಯಕ್ಸಂಬೆಯಿಂದ ದಿಲ್ಲಿಯವರೆಗೆ

ಈ ಸೀಮೆಯ ಮಣ್ಣಿನಲ್ಲಿ ಎಂಥ ಮಲ್ಲರು ಬೆಳೆಯಬಲ್ಲರೆಂಬುದಕ್ಕೆ ಹೊರಗಿನ ಸಾಕ್ಷಿ ಬೇಕಿಲ್ಲ. ಚಿಕ್ಕೋಡಿ ತಾಲೂಕಿನ ಯಕ್ಸಂಬೆಯಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ೧೯೫೯ರಲ್ಲಿ ದಿಲ್ಲಿಯ ಕಣದಲ್ಲಿ ಪಂಜಾಬದ ಹೆಸರಾಂತ ಜಟ್ಟಿ ಬಂತಾಸಿಂಗನನ್ನು ಸೋಲಿಸಿ ಹಿಂದ್ ಕೇಸರಿ ಎನಿಸಿದರು. ಮೊದಲ ಹಿಂದ್ ಕೇಸರಿ ಎಂದೇ ಅವರನ್ನು ಇಲ್ಲಿಯ ಜನ ಇಂದಿಗೂ ನೆನೆಯುವರು. ೨೦೨೦ರ ದಶಂಬರದಲ್ಲಿ ಕೊಲ್ಲಾಪುರದಲ್ಲಿ ಅವರು ತೀರಿಕೊಂಡಾಗ ಗಡಿಯ ಈಚೆ ಆಚೆ ಎರಡೂ ಕಡೆಯ ಗರಡಿಗಳಿಗೆ ಹಿರಿಯರೊಬ್ಬರು ಇಲ್ಲದಂತಾಯಿತು.

ಯಕ್ಸಂಬೆಯ ಹುಡುಗನು ಕೊಲ್ಲಾಪುರಕ್ಕೆ ಹೋದುದರಲ್ಲಿ ಸೋಜಿಗವೇನೂ ಇಲ್ಲ. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಸುಮಾರು ೪೦ ಕಿಲೋಮೀಟರುಗಳ ದಾರಿ. ೧೮೯೪ರಿಂದ ೧೯೨೨ರ ವರೆಗೆ ಆ ಸಂಸ್ಥಾನವನ್ನಾಳಿದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ ಪ್ರಸಿದ್ಧವಾದುದು. ೧೯೦೨ರಲ್ಲಿ ಅವರು ಯುರೋಪಿಗೆ ಹೋಗಿ ಬಂದರು. ೧೯೧೨ರ ಹೊತ್ತಿಗೆ ಖಾಸಬಾಗದ ಕುಸ್ತಿಯ ಮೈದಾನ ಸಿದ್ಧವಾಯಿತು. ಕಣವು ತಗ್ಗಿನಲ್ಲಿಯೂ ನೋಡುವವರು ಸುತ್ತಲೂ ಏರುತ್ತ ಹೋಗುವ ಮೆಟ್ಟಲುಗಳ ಮೇಲೂ ಇರುವಂತೆ ಅದನ್ನು ಕಟ್ಟಿಸಿದ್ದರಿಂದ ಹಿಂದೆ ಕೂತವನಿಗೂ ಕುಸ್ತಿ ಕಾಣುವುದು. ಚಿಕ್ಕೋಡಿ-ಅಥಣಿಗಳ ಹಳ್ಳಿಯ ಹುಡುಗನಿಗೆ ಇಂದಿಗೂ ಆ ಮೈದಾನದಲ್ಲಿ ಕೈ ಕೂಡಿಸುವುದೆಂದರೆ ಒಂದು ಕನಸು.

ಮಣ್ಣಿನಿಂದ ಗಾದಿಗೆ

ಆದರೆ ಇಂದಿನ ಹುಡುಗನ ಮುಂದೆ ಮಣ್ಣಿನ ಕಣವೊಂದೇ ಇಲ್ಲ. ಶಾಲೆ, ಕಾಲೇಜು, ರಾಜ್ಯ, ದೇಶಗಳ ಸ್ಪರ್ಧೆಗಳೆಲ್ಲ ಗಾದಿಯ ಮೇಲೆ ನಡೆಯುವುವು. ಈ ಬದಲಾವಣೆಯ ಬಿಸಿಯನ್ನು ಮೊದಲು ಉಂಡವರಲ್ಲಿ ಸಾತಾರಾ ಜಿಲ್ಲೆಯ ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು ಒಬ್ಬರು. ಕೊಲ್ಲಾಪುರದಲ್ಲಿ ಓದಿದ ಅವರು ೧೯೪೮ರಲ್ಲಿ ಲಂಡನ್ನಿನ ಒಲಿಂಪಿಕ್ಸಿನಲ್ಲಿ, ರೂಢಿಯಿಲ್ಲದ ಗಾದಿಯ ಮೇಲೆ ಸೆಣಸಿ ಆರನೆಯವರಾದರು. ನಾಲ್ಕು ವರ್ಷ ಸಾಧನೆಮಾಡಿ ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರನು ಗೆದ್ದುತಂದ ಮೊದಲನೆಯ ಒಲಿಂಪಿಕ್ ಪದಕವದು.

ಗಾದಿಯ ಮೇಲೆ ಎಳೆತದ ಲೆಕ್ಕವೇ ಬೇರೆಯಾಗುವುದು. ಮಣ್ಣಿನ ಕುಸ್ತಿಯಲ್ಲಿ ಬೆವರಿದ ಮೈಗೆ ಮಣ್ಣು ತೂರಿ ಹಿಡಿತ ಪಡೆಯಬಹುದು. ಎದುರಾಳಿಯ ಚಡ್ಡಿಯನ್ನು ಹಿಡಿಯಲೂ ಅವಕಾಶವುಂಟು. ಗಾದಿಯ ಮೇಲೆ ಮಣ್ಣಿಲ್ಲ. ಉಡುಪನ್ನು ಹಿಡಿಯುವುದು ತಪ್ಪು. ಬೆವರಿನಿಂದ ಜಾರುವ ಮಣಿಕಟ್ಟು, ಕುತ್ತಿಗೆ, ಹಿಮ್ಮಡಿ ಇವನ್ನೇ ಹಿಡಿದು ಜಗ್ಗಬೇಕು. ಹೊತ್ತಾದರೂ ಮೂರು ಮೂರು ನಿಮಿಷಗಳ ಎರಡು ಪಾಳಿ, ನಡುವೆ ಅರ್ಧ ನಿಮಿಷದ ಬಿಡುವು ಅಷ್ಟೇ. ಸೋಲು-ಗೆಲುವು ತೀರುವವರೆಗೆ ನಡೆಯುವ ನಮ್ಮ ನಿಕಾಲಿ ಕುಸ್ತಿಯಲ್ಲಿ ಒಮ್ಮೆ ಸಡಿಲಾದ ಕೈ ಮತ್ತೆ ಚೇತರಿಸಿಕೊಳ್ಳಲು ಸಮಯ ಸಿಗಬಹುದು. ಗಾದಿಯ ಮೇಲೆ ಸಡಿಲಾದ ಕ್ಷಣವೇ ಎದುರಾಳಿಗೆ ಅಂಕ.

ಹೊರದೇಶದ ಶೋಧಕರೂ ಇದನ್ನು ಅಳೆದು ನೋಡಿದ್ದಾರೆ. ಸ್ಪೇನ್ ದೇಶದಲ್ಲಿ ೯೨ ಜನ ಕುಸ್ತಿಗಾರರನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಮೇಲ್ತರಗತಿಯವರಿಗೆ ಉಳಿದವರಿಗಿಂತ ಮುಷ್ಟಿಯ ಹಿಡಿತವೂ ಬೆನ್ನಿನಿಂದ ಎಳೆಯುವ ಬಲವೂ ಹೆಚ್ಚಾಗಿದ್ದುದು ಕಂಡುಬಂತು. ಆದರೆ ಅವರಿಗೆ ತೊಡೆಯ ಬಲವೂ ಎದೆಯಿಂದ ದೂಡುವ ಬಲವೂ ಹೆಚ್ಚಾಗಿಯೇ ಇತ್ತು. ಇದನ್ನು ಮರೆಯಲಾಗದು. ಜಗ್ಗುವುದೇ ಎಲ್ಲವೂ ಎಂದು ನಾವು ಹೇಳುತ್ತಿಲ್ಲ. ಬಂಡಿಗೆ ಎರಡು ಗಾಲಿಗಳಿದ್ದಂತೆ ದೂಡುವುದೂ ಜಗ್ಗುವುದೂ ಎರಡೂ ಬೇಕು. ಮೇಲಾಗಿ, ಹೆಗಲಿನ ಕೀಲು ಮುಂದಿನ ಮತ್ತು ಹಿಂದಿನ ಸ್ನಾಯುಗಳ ನಡುವೆ ತೂಗಿನಿಂತಿರುವುದು. ವರ್ಷಗಟ್ಟಲೆ ಮುಂದಿನವನ್ನೇ ಬೆಳೆಸಿ ಹಿಂದಿನವನ್ನು ಮರೆತರೆ ಭುಜಗಳು ಮುಂದಕ್ಕೆ ಬಾಗಿ, ನೋವು ಕಾಡುವ ಸಂಭವವುಂಟು. ಪಟ್ಟೂ ಸರಿಯಾದ ದೇಹದ ಮೇಲೆಯೇ ಕೂಡುವುದು. ಪಟ್ಟು ಬಾರದವನಿಗೆ ಬರಿಯ ಬಲದಿಂದ ಆಗುವುದೇನೂ ಇಲ್ಲ.

ಮನೆಯಲ್ಲಿ ಮಾಡತಕ್ಕ ಕೆಲವು ಸಾಧನೆಗಳು

ವಸ್ತಾದರು ಹುಡುಗನಿಗೆ ಹೇಳಿಕೊಟ್ಟುದನ್ನೂ, ನಾವು ಬಲ್ಲವರಿಂದ ತಿಳಿದುಕೊಂಡುದನ್ನೂ ಇಲ್ಲಿ ಕೂಡಿಸಿ ಬರೆಯುತ್ತೇವೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಮೊದಲು ತೂಗುವುದು. ಗಟ್ಟಿಯಾದ ಕೊಂಬೆಗೋ ತೊಲೆಗೋ ಕೈಹಿಡಿದು ಕಾಲು ನೆಲ ಮುಟ್ಟದಂತೆ ತೂಗಬೇಕು. ಆರಂಭಕ್ಕೆ ಹತ್ತು ಸೆಕೆಂಡಿನಂತೆ ಐದು ಸಲ ಸಾಕು. ಇದು ಸಲೀಸಾದ ಮೇಲೆ ಕೊಂಬೆಗೆ ಒಂದು ದಪ್ಪ ಟಾವೆಲು ಹಾಕಿ ಅದರ ಎರಡೂ ತುದಿಗಳನ್ನು ಹಿಡಿದು ತೂಗಬೇಕು. ಬಟ್ಟೆಯ ಹಿಡಿತ ಬೆರಳಿಗೆ ಹೆಚ್ಚು ಕಷ್ಟ, ಹೆಚ್ಚು ಲಾಭ. ಆಮೇಲೆ ಗದ್ದವು ಕೊಂಬೆಯ ಮೇಲೆ ಬರುವಂತೆ ಮೈಯನ್ನು ಎಳೆದುಕೊಳ್ಳುವುದು. ಒಂದೂ ಬಾರದವನು ಮೇಲಿನಿಂದ ಮೆಲ್ಲಗೆ ಇಳಿಯುವುದನ್ನೇ ಅಭ್ಯಾಸಮಾಡಲಿ. ಏರುವುದು ತಾನಾಗಿ ಬರುವುದು.

ಎರಡನೆಯದು ಹಗ್ಗ. ಹತ್ತು ಹನ್ನೆರಡು ಅಡಿ ಎತ್ತರ ಸಾಕು. ಮೊದಲು ಕಾಲಿನ ಸಹಾಯ ಪಡೆದು, ಬಲ ಬಂದ ಮೇಲೆ ಕೈಯಿಂದಲೇ ಏರಬೇಕು. ಇಳಿಯುವಾಗ ಜಾರಬಾರದು, ಅಂಗೈಯ ಚರ್ಮ ಸುಲಿಯುವುದು. ಒಂದೊಂದೇ ಕೈ ಬದಲಿಸುತ್ತ ಇಳಿಯಬೇಕು. ಹಗ್ಗ ಹಳತಾಗಿದೆಯೇ, ಕೊಂಬೆ ಒಣಗಿದೆಯೇ ಎಂಬುದನ್ನು ದೊಡ್ಡವರು ಪ್ರತಿವಾರ ನೋಡಲಿ. ಕೆಳಗೆ ಕಲ್ಲು ಇರದೆ ಮೆತ್ತಗಿನ ಮಣ್ಣು ಇರಲಿ.

ಮೂರನೆಯದು ನೆಲದ ಮೇಲಿನ ಎಳೆತ. ಚೀಲದಲ್ಲಿ ಮರಳು ತುಂಬಿ, ಹಗ್ಗ ಕಟ್ಟಿ, ಹೊಲದ ಬದುವಿನ ಮೇಲೆ ನಿಂತು ಕೈಮೇಲೆ ಕೈಯಿಟ್ಟು ತನ್ನೆಡೆಗೆ ಎಳೆದುಕೊಳ್ಳಬೇಕು. ಬೆನ್ನನ್ನು ಗೂನು ಮಾಡದೆ, ಮಂಡಿ ಸ್ವಲ್ಪ ಬಗ್ಗಿಸಿ, ಸೊಂಟವನ್ನು ಕೆಳಗಿಟ್ಟು ಎಳೆಯುವುದು ಮುಖ್ಯ. ಕುಸ್ತಿಯ ನಿಲುವೂ ಅದೇ. ಮನೆಯಲ್ಲಿ ಬಾವಿಯಿದ್ದರೆ ಇನ್ನೂ ಒಳ್ಳೆಯದು. ಹತ್ತು ಲೀಟರು ನೀರೆಂದರೆ ಹತ್ತು ಕಿಲೋ ತೂಕ. ಮುಂಜಾನೆ ಇಪ್ಪತ್ತು ಕೊಡ ಸೇದಿ ತಾಯಿಯ ಹಂಡೆ ತುಂಬಿಸಿದರೆ ಸಾಧನೆಯೂ ಆಯಿತು, ಸೇವೆಯೂ ಆಯಿತು.

ನಾಲ್ಕನೆಯದು ಜೊತೆಗಾರನೊಡನೆ. ಒಬ್ಬರ ಮಣಿಕಟ್ಟನ್ನೊಬ್ಬರು ಹಿಡಿದು, ಕಾಲು ಕದಲಿಸದೆ ಎದುರಾಳಿಯ ನಿಲುವನ್ನು ಕೆಡಿಸುವ ಆಟ. ಅರ್ಧ ನಿಮಿಷ ಆಟ, ಒಂದು ನಿಮಿಷ ವಿಶ್ರಾಂತಿ. ಇಲ್ಲಿ ಬಲದ ಜೊತೆಗೆ ಯಾವಾಗ ಜಗ್ಗಬೇಕು, ಯಾವಾಗ ಬಿಡಬೇಕೆಂಬ ಬುದ್ಧಿಯೂ ಬರುವುದು. ದೂಡಿದಂತೆ ಮಾಡಿ ಎದುರಾಳಿ ಮರಳಿ ದೂಡಿದಾಗ ತಟ್ಟನೆ ಜಗ್ಗುವವನೇ ಜಾಣ.

ಇವೆಲ್ಲವನ್ನು ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ ಮಾಡಿದರೆ ಸಾಕು. ಸ್ನಾಯು ಬೆಳೆಯುವುದು ವಿಶ್ರಾಂತಿಯಲ್ಲಿ. ಮೊಣಕೈಯ ಒಳಮಗ್ಗುಲಲ್ಲಿಯೋ ಭುಜದಲ್ಲಿಯೋ ನೋವು ನಿಂತರೆ ಸಾಧನೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು; ನೋವನ್ನು ನುಂಗಿ ಮಾಡುವುದು ಪೌರುಷವಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಲೆಕ್ಕವಿಟ್ಟು ಮಾಡಿಸುವುದು ಬೇಡ. ಮರ ಹತ್ತುವುದು, ತೂಗಾಡುವುದು, ಹಗ್ಗಜಗ್ಗಾಟ ಇವೇ ಅವರ ಗರಡಿ.

ತಾಯಂದಿರಿಗೆ ಎರಡು ಮಾತು

ಹಾಲು, ಕಾಳು, ರೊಟ್ಟಿ, ಶೇಂಗಾ, ತರಕಾರಿ, ಅವರವರ ರೂಢಿಯಂತೆ ತತ್ತಿ-ಮಾಂಸ ಇವುಗಳಿಂದ ಬೆಳೆಯುವ ಹುಡುಗನಿಗೆ ಬೇಕಾದ ಪುಷ್ಟಿ ಬಹುಮಟ್ಟಿಗೆ ದೊರೆಯುವುದು. ತಿಂದ ಅನ್ನವನ್ನು ಕಸುವಾಗಿ ಮಾಡುವುದು ಸರಿಯಾದ ದುಡಿತ. ದುಡಿತದ ಕೊರತೆಯನ್ನು ಎರಡನೆಯ ಎಮ್ಮೆ ತುಂಬಿಕೊಡಲಾರದು. ಅಂಗಡಿಯ ಡಬ್ಬಿಗಳ ಮಾತಂತೂ ಎಚ್ಚರದ್ದು. ಒಳಗೇನಿದೆಯೆಂದು ತಿಳಿಯದ ಪುಡಿ-ಗುಳಿಗೆಗಳಿಂದ ಆರೋಗ್ಯವೂ ಕೆಡಬಹುದು, ನಿಷಿದ್ಧ ಪದಾರ್ಥವೊಂದು ಸೇರಿದ್ದರೆ ಹುಡುಗನ ಹೆಸರೂ ಕೆಡಬಹುದು. ಸಾಲಮಾಡಿ ಅದನ್ನು ಕೊಳ್ಳುವ ಮನೆಗಳನ್ನು ಕಂಡು ನಮಗೆ ಮರುಕವೆನಿಸಿದೆ.

ಇನ್ನೊಂದು ಮಾತು. ಹಗ್ಗ ಕಟ್ಟುವಾಗ ಅದು ಮಗನಿಗೆ ಮಾತ್ರವೆಂದು ತಿಳಿಯಬೇಡಿರಿ. ೨೦೦೪ರಿಂದ ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳ ಕುಸ್ತಿಯೂ ನಡೆಯುತ್ತಿದೆ. ೨೦೧೬ರಲ್ಲಿ ಹರಿಯಾಣದ ಸಾಕ್ಷಿ ಮಲಿಕ್ ಅದರಲ್ಲಿ ಕಂಚಿನ ಪದಕ ಗೆದ್ದಳು. ತಲೆತಲಾಂತರದಿಂದ ಬಾವಿಯ ಹಗ್ಗ ಜಗ್ಗಿದವರು ನಮ್ಮ ಹೆಣ್ಣುಮಕ್ಕಳೇ. ಆ ಕಸುವಿಗೆ ಕುಸ್ತಿಯ ಹೆಸರು ಸಿಕ್ಕಿರಲಿಲ್ಲ ಅಷ್ಟೇ.

ಮುಗಿಸುವ ಮುನ್ನ

ನಮ್ಮ ತಂಗಿ ಎರಡನೆಯ ಎಮ್ಮೆ ಕಟ್ಟಲಿಲ್ಲ; ಡಬ್ಬಿಯನ್ನೂ ತರಿಸಲಿಲ್ಲ. ಹಿತ್ತಲಿನ ಬೇವಿನ ಮರಕ್ಕೆ ಹಗ್ಗವೊಂದು ಬಿದ್ದಿತು. ಗರಡಿಯ ಮಣ್ಣು ಕಡಿಯುವ ಪಾಳಿಯಲ್ಲಿ ಹುಡುಗನ ಹೆಸರು ಸೇರಿತು. ಮೊದಲ ತಿಂಗಳು ಅಂಗೈಯಲ್ಲಿ ಬೊಕ್ಕೆಗಳೆದ್ದು ಊಟಕ್ಕೆ ಕೈ ಮಡಿಸಲಾಗದೆ ಒದ್ದಾಡಿದನಂತೆ. ದಂಡ-ಬೈಠಕಗಳನ್ನು ಅವನು ಬಿಡಲಿಲ್ಲ. ಎಣಿಕೆಯನ್ನು ಮಾತ್ರ ಕಡಿಮೆ ಮಾಡಿದನು.

ಮುಂದಿನ ವರ್ಷ ಅದೇ ಜಾತ್ರೆಯಲ್ಲಿ ಅದೇ ಜೋಡಿ ಕೂಡಿತು. ನಾವು ಮತ್ತೆ ಹೋಗಿದ್ದೆವು. ನಮ್ಮವನು ಗೆದ್ದನೆಂದು ಬರೆಯುವ ಆಸೆ ನಮಗೂ ಇದೆ. ಆದರೆ ನಡೆದುದನ್ನೇ ಬರೆಯಬೇಕು. ಇಬ್ಬರೂ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸೆಣಸಿದರು. ಹೊತ್ತು ಮುಳುಗಲು ಬಂದಾಗ ಪಂಚರು ಕುಸ್ತಿಯನ್ನು ಬರಾಬರಿ ಎಂದು ಬಿಡಿಸಿದರು. ಆದರೆ ಈ ಸಲ ಅವನ ಬೆರಳುಗಳು ಬಿಚ್ಚಲಿಲ್ಲ. ಬಿಡಿಸಲು ಬಂದವರೇ ಅವನ ಕೈಯನ್ನು ಎದುರಾಳಿಯ ಮಣಿಕಟ್ಟಿನಿಂದ ಬಿಡಿಸಬೇಕಾಯಿತು.

ರಾತ್ರಿ ಊಟಕ್ಕೆ ಕೂತಾಗ ತಂಗಿ ಮಗನ ಕೈ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ನೋಡಿದಳು. ಅಂಗೈ ತುಂಬ ಜಡ್ಡು. ತನ್ನ ಅಂಗೈಯನ್ನು ಅದರ ಪಕ್ಕಕ್ಕೆ ಇಟ್ಟಳು. ಮೋಟರು ಬರುವ ಮುಂಚೆ ಹದಿನೈದು ವರ್ಷ ಆ ಮನೆಯ ಬಾವಿಯ ನೀರು ಸೇದಿದ ಕೈ ಅದು. ಜಡ್ಡಿನ ಗುರುತು ಇನ್ನೂ ಅಳಿಸಿರಲಿಲ್ಲ.

"ಇದನ್ನ ನಾನೂ ಹೇಳಿಕೊಡತಿದ್ನಲ್ಲೋ," ಎಂದು ನಕ್ಕಳು.

ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಕೈಗಳು ಇರಬಹುದು. ಅವುಗಳನ್ನು ಕೇಳಿ ನೋಡಿರಿ. ಆಮೇಲೆ ಹಿತ್ತಲಿನ ಮರಕ್ಕೆ ಒಂದು ಹಗ್ಗ ಕಟ್ಟಿರಿ.